ತುದಿಗಾಲ ನಡಿಗೆ: ವ್ಯಾಯಾಮವೋ, ಸ್ಪ್ಲಿಂಟೋ, ಪ್ಲಾಸ್ಟರೋ?

ಆಟಿಸಂ ಇರುವ ಮಗ ತುದಿಗಾಲಲ್ಲಿ ನಡೆಯುತ್ತಾನೆ ಅಂತ ನಾಲ್ಕು ಜನರ ಮುಂದೆ ಹೇಳಿ ನೋಡಿ. ಒಬ್ಬರು ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಬೂಟು ಬದಲಿಸಿ ಅನ್ನುತ್ತಾರೆ. ಮತ್ತೊಬ್ಬರ ಅಕ್ಕನ ಮಗನಿಗೆ ಪ್ಲಾಸ್ಟರ್ ಹಾಕಿಸಿದ್ದರಂತೆ. ಬೆಂಗಳೂರಿನ ಕಾಕಾ ಫೋನ್ ಮಾಡಿ ಆಪರೇಷನ್ ಮಾಡಿಸಿಬಿಡಿ ಅನ್ನುತ್ತಾನೆ. ಇವರಲ್ಲಿ ಯಾರೂ ಪೂರ್ತಿ ತಪ್ಪಿಲ್ಲ. ಪ್ರತಿಯೊಂದೂ ಯಾವುದೋ ಒಂದು ಮಗುವಿಗೆ ಸರಿಯಾದ ಮಾತೇ. ನಿಮ್ಮ ಮಗುವಿಗೆ ಯಾವುದು ಅನ್ನುವುದಷ್ಟೇ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಗದಗ, ಹಾವೇರಿ ಕಡೆಯಿಂದಲೂ ಮಕ್ಕಳು ಬರುತ್ತಾರೆ. "ಯಾವಾಗ ನೋಡಿದ್ರೂ ತುದಿಗಾಲ ಮ್ಯಾಲನ ಇರ್ತಾನ್ರೀ ಮೇಡಂ" ಅನ್ನುವುದು ಹೆಚ್ಚಿನವರ ಮೊದಲ ಮಾತು. ಎಷ್ಟು ಹೊತ್ತು ತುದಿಗಾಲಲ್ಲಿರುತ್ತಾನೆ ಅನ್ನುವುದನ್ನು ನಾನು ಕೇಳಿ ಬರೆದುಕೊಳ್ಳುತ್ತೇನೆ. ಆದರೆ ಅದರ ಮೇಲೆ ಚಿಕಿತ್ಸೆ ಆರಿಸುವುದಿಲ್ಲ. ಮೊಣಕಾಲು ನೇರ ಇಟ್ಟಾಗ ಪಾದ ಎಷ್ಟು ಮೇಲೆ ಬರುತ್ತದೆ ಅನ್ನುವುದರ ಮೇಲೆ ಆರಿಸುತ್ತೇನೆ. ಇಡೀ ದಿನ ತುದಿಗಾಲಲ್ಲಿ ಓಡಾಡುವ ಮಗುವಿನ ಪಾದ ಸಲೀಸಾಗಿ ಮೇಲೆ ಬರುತ್ತಿದ್ದರೆ ನಮಗೆ ಸಮಯ ಇದೆ ಅಂತ ಅರ್ಥ. ಅರ್ಧ ದಿನ ಮಾತ್ರ ಹಾಗೆ ನಡೆಯುವ ಮಗುವಿನ ಪಾದ ಬಿಗಿದುಕೊಂಡಿದ್ದರೆ ಸಮಯ ಇಲ್ಲ.

ಎಲ್ಲವನ್ನೂ ಆಟಿಸಂ ಖಾತೆಗೆ ಹಾಕಬೇಡಿ

ನಡಿಗೆ ಕಲಿಯುವ ಮಕ್ಕಳಲ್ಲಿ ತುದಿಗಾಲು ಸಾಮಾನ್ಯ. ಎರಡು ವರ್ಷದ ತನಕ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರು ತುಂಬುವ ಹೊತ್ತಿಗೂ ಹಾಗೇ ಇದ್ದರೆ ತೋರಿಸಬೇಕು. ಆಟಿಸಂ ಇರುವ ಮಕ್ಕಳಲ್ಲಿ ಇದು ಉಳಿದವರಿಗಿಂತ ಬಹಳ ಜಾಸ್ತಿ. ಯಾಕೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಮಕ್ಕಳಿಗೆ ಅಂಗಾಲಿಗೆ ತಣ್ಣನೆಯ ಫರಶಿ ತಾಗುವುದೇ ಆಗುವುದಿಲ್ಲ. ಕೆಲವರಿಗೆ ಮೀನಖಂಡ ಬಿಗಿ ಹಿಡಿದಾಗ ಸಿಗುವ ಒತ್ತಡ ಹಿತ. ಕೆಲವರು ಖುಷಿಯಾದಾಗ, ಗಾಬರಿಯಾದಾಗ ಮಾತ್ರ ಏರುತ್ತಾರೆ. ಕೆಲವರಿಗೆ ಶುರುವಿನ ಕಾರಣ ಯಾವಾಗಲೋ ಹೋಗಿರುತ್ತದೆ, ರೂಢಿ ಮಾತ್ರ ಉಳಿದಿರುತ್ತದೆ.

ಆದರೆ ಆಟಿಸಂ ಅಂತ ಒಮ್ಮೆ ಬರೆದುಕೊಟ್ಟ ಮೇಲೆ ಬೇರೆ ಕಾರಣಗಳನ್ನು ಹುಡುಕುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಇದು ಅಪಾಯ. ಒಂದೇ ಕಾಲು ಏರುತ್ತಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಮೊದಲು ಸರಿಯಾಗಿ ಪಾದ ಊರುತ್ತಿದ್ದ ಮಗು ಈಗೀಗ ತುದಿಗಾಲು ಶುರು ಮಾಡಿದ್ದರೂ ಅಷ್ಟೇ. ಕಾಲು ಎರಡೂ ಸೆಟೆದುಕೊಂಡು ಕತ್ತರಿಯಂತೆ ಅಡ್ಡ ಬರುತ್ತಿದ್ದರೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಬಿಗಿಯುವ ಸ್ಥಿತಿ, ಇದೆಯೇ ನೋಡಬೇಕು. ಗಂಡು ಮಗು ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೇ ಕೈ ಊರಿಕೊಂಡು ಮೇಲೇರಿದರೆ, ಮೀನಖಂಡ ವಿಪರೀತ ದಪ್ಪ ಕಂಡರೆ, ಮೆಟ್ಟಿಲು ಹತ್ತಲು ಒದ್ದಾಡಿದರೆ ಡುಶೆನ್ ಎನ್ನುವ ಸ್ನಾಯು ಕಾಯಿಲೆ ಇರಬಹುದು. ಇದಕ್ಕೆ ಮೊದಲ ಹೆಜ್ಜೆ ಸಿ.ಪಿ.ಕೆ. ಅನ್ನುವ ಒಂದು ರಕ್ತ ಪರೀಕ್ಷೆ, ಅಷ್ಟೇ. ಸೊಂಟದ ಕೆಳಗೆ ಬೆನ್ನಿನ ನಡುವೆ ಕೂದಲ ಗುಚ್ಛವೋ ಗುಳಿಯೋ ಇದ್ದು, ಮೂತ್ರದ ಮೇಲೆ ಹಿಡಿತ ತಪ್ಪುತ್ತಿದ್ದರೆ ಬೆನ್ನುಹುರಿ ನೋಡಿಸಬೇಕು. ಇವೆಲ್ಲ ಅಪರೂಪ. ಆದರೂ ಇವು ಇಲ್ಲ ಅಂತ ಯಾರಾದರೂ ಬಟ್ಟೆ ತೆಗೆಸಿ, ಕಾಲು ಮುಟ್ಟಿ, ನೆಲದಿಂದ ಎಬ್ಬಿಸಿ ನೋಡಿದ್ದಾರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೋಡಿಲ್ಲ ಅಂದರೆ ಮುಂದಿನ ಯಾವ ಆಯ್ಕೆಯನ್ನೂ ಈಗಲೇ ಆರಿಸಬೇಡಿ.

ಅಳತೆ: ಎಲ್ಲ ಇಲ್ಲಿಂದಲೇ ಶುರು

ಮಗುವನ್ನು ಅಂಗಾತ ಮಲಗಿಸಬೇಕು. ಮೊಣಕಾಲು ಪೂರ್ತಿ ನೇರ. ಒಂದು ಕೈಯಲ್ಲಿ ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿದು, ಸ್ವಲ್ಪ ಒಳಮುಖವಾಗಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ಪಾದವನ್ನು ಮಗುವಿನ ಮುಖದ ಕಡೆ ನಿಧಾನ ತಳ್ಳಬೇಕು. ಕಾಲಿಗೂ ಪಾದಕ್ಕೂ ನಡುವೆ ಕಾಟಕೋನ (ಲಂಬಕೋನ) ಬಂದರೆ ಅದು ಸೊನ್ನೆ ಡಿಗ್ರಿ. ಅಲ್ಲಿಂದ ಮೇಲೆ ಕನಿಷ್ಠ 10 ಡಿಗ್ರಿಯಾದರೂ ಬರಬೇಕು, ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ ಬರುತ್ತದೆ. ಆಮೇಲೆ ಮೊಣಕಾಲು ಮಡಚಿ ಅದನ್ನೇ ಮತ್ತೆ ನೋಡಬೇಕು. ಮಡಚಿದಾಗ ಸಲೀಸಾಗಿ ಬಂದು, ನೇರ ಇಟ್ಟಾಗ ನಿಂತರೆ ಬಿಗಿ ಇರುವುದು ಮೀನಖಂಡದ ಮೇಲಿನ ಸ್ನಾಯುವಿನಲ್ಲಿ. ಎರಡೂ ಸಲ ನಿಂತರೆ ಕೆಳಗಿನ ಸ್ನಾಯು, ಹಿಮ್ಮಡಿಯ ಮೇಲಿನ ದಪ್ಪ ಅಕಿಲಿಸ್ ಹುರಿ ಎರಡೂ ಗಿಡ್ಡ ಆಗಿವೆ ಅಂತ.

ಇದರಲ್ಲಿ ಮೋಸ ಹೋಗುವ ಜಾಗ ಒಂದಿದೆ. ಹಿಮ್ಮಡಿಯನ್ನು ಗಟ್ಟಿ ಹಿಡಿಯದೆ ಬರೀ ಬೆರಳ ಬುಡ ಹಿಡಿದು ತಳ್ಳಿದರೆ ಪಾದ ನಡುವೆ ಬಾಗುತ್ತದೆ. ನೋಡುವವರಿಗೆ ಪಾದ ಮೇಲೆ ಬಂತು ಅನ್ನಿಸುತ್ತದೆ. ಹಿಮ್ಮಡಿ ಮಾತ್ರ ಅಲ್ಲೇ ಇರುತ್ತದೆ. ವರ್ಷಗಟ್ಟಲೆ ಹೀಗೆ ಸ್ಟ್ರೆಚ್ ಮಾಡಿಸಿಕೊಂಡು ಬಂದ ಮಕ್ಕಳ ಅಂಗಾಲಿನ ಕಮಾನು ಚಪ್ಪಟೆ ಆಗಿರುತ್ತದೆ, ಹಿಮ್ಮಡಿ ಮೊದಲಿನಷ್ಟೇ ಗಟ್ಟಿ. ಅದಕ್ಕೇ ಅಳತೆಯನ್ನು ಗೋನಿಯೋಮೀಟರ್, ಅಂದರೆ ಕೋನ ಅಳೆಯುವ ಪಟ್ಟಿ, ಇಟ್ಟು ಮಾಡಿಸಿ, ಅಂಕಿ ಬರೆಸಿಕೊಳ್ಳಿ. "ಸ್ವಲ್ಪ ಟೈಟ್ ಐತಿ" ಅನ್ನುವುದು ಅಳತೆ ಅಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವುದು ದಿನನಿತ್ಯದ ಸಂಗತಿ. "ಹಿಮ್ಮಡ ಊರಿ ಕೂಡ್ತಾನ್ರೀ, ಹಂಗಾದ್ರ ಕಾಲು ಛಲೋ ಅದಾವಲ್ಲ?" ಅಂತ ಅಜ್ಜಿಯರು ಕೇಳುತ್ತಾರೆ. ಅರ್ಧ ಸರಿ. ಕೂತಾಗ ಮೊಣಕಾಲು ಮಡಚಿರುತ್ತದೆ, ಮೇಲಿನ ಸ್ನಾಯು ಸಡಿಲ ಆಗಿರುತ್ತದೆ. ಹಾಗಾಗಿ ಕೂರಲು ಬರುವ ಮಗುವಿಗೂ ನಡೆಯುವಾಗ ಬಿಗಿ ಇರಬಹುದು. ಕೂರಲೇ ಬಾರದಿದ್ದರೆ, ಹಿಂದಕ್ಕೆ ಉರುಳಿದರೆ, ಬಿಗಿ ಇದೆ ಅಂತ ಗಟ್ಟಿಯಾಗಿ ಹೇಳಬಹುದು.

ಸುಮ್ನೆ ಕಾಯಬಹುದೇ?

ಆಟಿಸಂ ಇಲ್ಲದ ಮಕ್ಕಳಿಗೆ ಕಾಯುವುದು ಒಳ್ಳೆಯ ಆಯ್ಕೆಯೇ. ಸ್ವೀಡನ್‌ನಲ್ಲಿ ಐದೂವರೆ ವರ್ಷದ 1,436 ಮಕ್ಕಳನ್ನು ನೋಡಿದ ಅಧ್ಯಯನ 2012ರಲ್ಲಿ ಬಂತು. ಅವರಲ್ಲಿ ಸುಮಾರು 5 ಶೇಕಡಾ ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ತುದಿಗಾಲಲ್ಲಿ ನಡೆದವರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆ ವಯಸ್ಸಿಗೆ ತಾವಾಗಿಯೇ ಬಿಟ್ಟಿದ್ದರು. "ತಾನ ಸರಿ ಹೋಗ್ತದ" ಅನ್ನುವ ಮಾತಿಗೆ ಆಧಾರ ಇರುವುದು ಇಲ್ಲೇ.

ನಮ್ಮ ಮಕ್ಕಳಿಗೆ ಲೆಕ್ಕ ಬೇರೆ. ಅಮೆರಿಕದ ದೊಡ್ಡ ವಿಮಾ ದಾಖಲೆಗಳನ್ನು ನೋಡಿ 2019ರಲ್ಲಿ ಪ್ರಕಟವಾದ ವರದಿ ಪ್ರಕಾರ, ಚಿಕಿತ್ಸೆ ಇಲ್ಲದೆ ಬಿಟ್ಟ ಆಟಿಸಂ ಮಕ್ಕಳಲ್ಲಿ ಹತ್ತು ವರ್ಷದ ನಂತರವೂ ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರು ತುದಿಗಾಲಲ್ಲೇ ಇದ್ದರು. ಆಟಿಸಂ ಇಲ್ಲದವರಲ್ಲಿ ಐವರಲ್ಲಿ ಒಬ್ಬರು. ಪಕ್ಕದ ಮನೆಯ ಹುಡುಗ ತಾನೇ ಸರಿಹೋದ ಅನ್ನುವ ಕಾರಣಕ್ಕೆ ನೀವು ಕಾಯಬಾರದು, ಅಷ್ಟೇ.

ಹಾಗಂತ ಕಾಯುವುದೇ ತಪ್ಪು ಅಂತಲೂ ಅಲ್ಲ. ಮಗುವಿಗೆ ಮೂರು, ನಾಲ್ಕು ವರ್ಷ, ಪಾದ 10 ಡಿಗ್ರಿಗಿಂತ ಮೇಲೆ ಬರುತ್ತಿದೆ, ಹೇಳಿದಾಗ ಹಿಮ್ಮಡಿ ಊರಿ ನಿಲ್ಲುತ್ತಾನೆ ಅಂದರೆ ಮನೆಯಲ್ಲಿ ಆಟದ ವ್ಯಾಯಾಮ ಮಾಡಿಸುತ್ತ, ಮೂರು ತಿಂಗಳಿಗೊಮ್ಮೆ ಅಳತೆ ನೋಡಿಸುತ್ತ ಹೋಗಬಹುದು. ಮಾತು, ಊಟ, ನಿದ್ದೆ, ಶಾಲೆ ಅಂತ ಆ ಮನೆಯಲ್ಲಿ ಇನ್ನೂ ನೂರು ಕೆಲಸ ಇರುತ್ತವೆ. ತುದಿಗಾಲು ಎಲ್ಲಕ್ಕಿಂತ ಮೊದಲು ಬರಬೇಕು ಅಂತೇನಿಲ್ಲ. ಅಳತೆ ಇಳಿಯುತ್ತಿದ್ದರೆ ಮಾತ್ರ ಮೊದಲಿಗೆ ತರಬೇಕು.

ವ್ಯಾಯಾಮ: ಅಗ್ಗ, ನಿಧಾನ, ದಿನಾ ಬೇಕು

ಬಿಗಿ ಕಡಿಮೆ ಇರುವ ಮಗುವಿಗೆ ನನ್ನ ಮೊದಲ ಆಯ್ಕೆ ಇದು. ಇದರಲ್ಲಿ ಎರಡು ಭಾಗ. ಮೀನಖಂಡವನ್ನು ಎಳೆದು ಉದ್ದ ಮಾಡುವುದು ಒಂದು. ಪಾದವನ್ನು ಮೇಲೆತ್ತುವ ಮುಂಗಾಲಿನ ಸ್ನಾಯುವಿಗೆ ಶಕ್ತಿ ತುಂಬುವುದು ಇನ್ನೊಂದು. ಹೆಚ್ಚಿನ ಮನೆಗಳಲ್ಲಿ ಮೊದಲನೆಯದು ಮಾತ್ರ ನಡೆಯುತ್ತದೆ. ಎರಡನೆಯದಿಲ್ಲದೆ ಉದ್ದ ಸಿಕ್ಕರೂ ಮಗು ಅದನ್ನು ಬಳಸುವುದಿಲ್ಲ.

ಸ್ಟ್ರೆಚ್ ಅಂದರೆ ಮೇಲೆ ಹೇಳಿದ ಹಿಡಿತವೇ. 30 ಸೆಕೆಂಡ್ ಹಿಡಿದು ಬಿಡುವುದು, ಒಂದು ಕಾಲಿಗೆ ನಾಲ್ಕೈದು ಸಲ. ಜಗ್ಗಿ ಅಳಿಸಬಾರದು. ಆಟಿಸಂ ಇರುವ ಮಗು ಕಾಲು ಮುಟ್ಟಿದರೇ ಕಿರುಚುತ್ತದೆ ಅಂದರೆ ಮಲಗಿಸಿ ಹಿಡಿಯುವುದನ್ನು ಬಿಟ್ಟುಬಿಡಿ. ಅವನ ಮೈ ತೂಕವೇ ಆ ಕೆಲಸ ಮಾಡುವಂತೆ ಇಡಿ. ರೋಣ ತಾಲೂಕಿನ ಒಬ್ಬ ತಾಯಿ ಮಾಡಿದ್ದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಆಕೆ ಊರಿನ ಬಡಿಗೇರ ಕಡೆಯಿಂದ ಒಂದು ಇಳಿಜಾರು ಮಣೆ ಮಾಡಿಸಿದರು. ಮುಂದೆ ನಾಲ್ಕು ಬೆರಳು ಎತ್ತರ, ಹಿಂದೆ ನೆಲಕ್ಕೆ ಸಮ. ಮೇಲೆ ಹಳೇ ಸೈಕಲ್ ಟ್ಯೂಬು ಹೊಡೆಸಿದರು, ಜಾರಬಾರದು ಅಂತ. ಸಂಜೆ ರೊಟ್ಟಿ ಬಡಿಯುವಾಗ ಮಗ ಕಟ್ಟೆಯ ಪಕ್ಕದಲ್ಲಿ ಆ ಮಣೆ ಮೇಲೆ ನಿಲ್ಲುತ್ತಾನೆ. ಬೆರಳು ಮೇಲೆ, ಹಿಮ್ಮಡಿ ಕೆಳಗೆ. ಕೈಗೆ ಒಂದು ಜೋಳದ ಹಿಟ್ಟಿನ ಉಂಡೆ. ಅದನ್ನು ಚಪ್ಪಟೆ ಮಾಡುತ್ತ, ಮತ್ತೆ ಉಂಡೆ ಕಟ್ಟುತ್ತ ನಿಂತಿರುತ್ತಾನೆ. ರೊಟ್ಟಿ ಮುಗಿಯುವ ತನಕ ಮೀನಖಂಡ ಜಗ್ಗಿಕೊಂಡೇ ಇರುತ್ತದೆ. ಯಾರೂ ಅವನ ಕಾಲು ಮುಟ್ಟುವುದಿಲ್ಲ. ದಿನಾ ಅದೇ ಹೊತ್ತು, ಅದೇ ಜಾಗ. ಆಟಿಸಂ ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಟೈಮ್‌ಟೇಬಲ್ ಯಾವ ಕ್ಲಿನಿಕ್ಕೂ ಕೊಡಲಾರದು.

ಮಣೆ ಮೇಲೆ ಮೊಣಕಾಲು ಬಾಗದಂತೆ, ಪಾದ ಹೊರಗೆ ತಿರುಗದಂತೆ ನೋಡಬೇಕು. ಮಕ್ಕಳು ಜಾಣರು, ಎರಡರಲ್ಲಿ ಒಂದು ಮಾಡಿ ತಪ್ಪಿಸಿಕೊಳ್ಳುತ್ತಾರೆ.

ಶಕ್ತಿಗೆ ಹಿಮ್ಮಡಿ ಮೇಲೆ ನಡೆಯುವ ಆಟ, ಕುಕ್ಕರಗಾಲಲ್ಲಿ ಕೂತು ಏಳುವ ಆಟ, ಕೂತಲ್ಲೇ ಕುಪ್ಪಳಿಸುವುದು, ಏರು ದಾರಿ ಹತ್ತುವುದು. ಏರು ದಾರಿಯಲ್ಲಿ ಹಿಮ್ಮಡಿ ಊರಿ ನಡೆದರೆ ಸ್ಟ್ರೆಚ್ಚೂ ಆಗುತ್ತದೆ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಬೆಳಿಗ್ಗೆ ಜನ ಕಡಿಮೆ ಇರುವಾಗ ಹೋಗಿ. ಉಸುಕಿನಲ್ಲಿ ನಡೆಸುವುದೂ ಒಳ್ಳೆಯದು. ಮನೆ ಕಟ್ಟುವವರ ಮುಂದೆ ಬಿದ್ದಿರುವ ಉಸುಕಿನ ರಾಶಿ ಮಕ್ಕಳಿಗೆ ತಾನಾಗಿ ಇಷ್ಟ, ಕೊಂಚ ಗಾಜು, ಮೊಳೆ ನೋಡಿಕೊಳ್ಳಿ.

ಇದರ ದೌರ್ಬಲ್ಯ ಏನು? ಫಲ ಕಾಣಲು ತಿಂಗಳುಗಳು ಬೇಕು. ವಾರಕ್ಕೆ ಎರಡು ದಿನ ಕ್ಲಿನಿಕ್ಕಿಗೆ ಬಂದು, ಉಳಿದ ದಿನ ಏನೂ ಮಾಡದಿದ್ದರೆ ಬರುವ ಬಸ್ ಚಾರ್ಜೂ ದಂಡ. ಪಾದ ಸೊನ್ನೆ ಡಿಗ್ರಿಗೂ ಬಾರದ ಮಗುವಿಗೆ ಬರೀ ಕೈಯಿಂದ ಸ್ಟ್ರೆಚ್ ಮಾಡಿ ಸರಿಮಾಡುತ್ತೇನೆ ಅಂತ ಯಾರಾದರೂ ಅಂದರೆ ನಾನು ನಂಬುವುದಿಲ್ಲ.

ಸೆನ್ಸರಿ ಥೆರಪಿ

ಸ್ಪರ್ಶ, ಸಮತೋಲನದಂಥ ಇಂದ್ರಿಯಗಳಿಗೆ ರೂಢಿ ಮಾಡಿಸುವ ಚಿಕಿತ್ಸೆ ಇದು: ಬ್ರಷ್ ಉಜ್ಜುವುದು, ಟ್ರ್ಯಾಂಪೊಲಿನ್, ಉಯ್ಯಾಲೆ, ಭಾರದ ಬೆಲ್ಟು, ಬೇರೆ ಬೇರೆ ನೆಲದ ಮೇಲೆ ನಡೆಸುವುದು. ಇದೆಲ್ಲ ಸಾಮಾನ್ಯವಾಗಿ ಆಕ್ಯುಪೇಷನಲ್ ಥೆರಪಿಸ್ಟ್ ಮಾಡಿಸುತ್ತಾರೆ. ಇದೊಂದರಿಂದಲೇ ತುದಿಗಾಲು ನಿಲ್ಲುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ, ಗಿಡ್ಡ ಆದ ಹುರಿಯನ್ನಂತೂ ಇದು ಉದ್ದ ಮಾಡುವುದಿಲ್ಲ. ಆದರೆ ಅಂಗಾಲು ಮುಟ್ಟಿಸಿಕೊಳ್ಳದ ಮಗು ಮುಂದೆ ಕಾಲುಚೀಲ, ಬೂಟು, ಸ್ಪ್ಲಿಂಟು ತಡೆದುಕೊಳ್ಳಬೇಕಲ್ವಾ? ಅದಕ್ಕೆ ದಾರಿ ಇಲ್ಲೇ ಸಿಗುವುದು. ಹಾಗಾಗಿ ನಾನು ಇದನ್ನು ಬೇರೊಂದು ಚಿಕಿತ್ಸೆಯ ಬದಲಿಗೆ ಅಂತ ಆರಿಸುವುದಿಲ್ಲ, ಜೊತೆಗೆ ಅಂತ ಆರಿಸುತ್ತೇನೆ. ತಿಂಗಳಿಗೆ ಇಷ್ಟು ದುಡ್ಡು ಅಂತ ಪ್ಯಾಕೇಜ್ ಮಾರುವ ಕಡೆ ಕಾಲಿನ ಅಳತೆ ಯಾರು, ಯಾವಾಗ ತೆಗೆಯುತ್ತಾರೆ ಅಂತ ಒಂದು ಮಾತು ಕೇಳಿ.

ಬೂಟು, ಪ್ಲೇಟು, ಸ್ಪ್ಲಿಂಟು

ಇಲ್ಲಿ ಜನ ಬಹಳ ಗೊಂದಲ ಮಾಡಿಕೊಳ್ಳುತ್ತಾರೆ. ಮೂರೂ ಒಂದೇ ಅಲ್ಲ.

ಗಟ್ಟಿ ತಳದ, ಗಂಟಿನ ಮೇಲೆ ಬರುವ ಬೂಟು ಬಿಗಿ ಇಲ್ಲದ ಮಗುವಿಗೆ ನೆನಪು ಮಾಡಿಕೊಡುತ್ತದೆ, ಅಷ್ಟೇ. ಜಾತ್ರೆಯಲ್ಲಿ ಸಿಗುವ ಕುಯ್ಯಂ ಕುಯ್ಯಂ ಬೂಟು ಗೊತ್ತಲ್ವಾ? ಹಿಮ್ಮಡಿಯಲ್ಲಿ ಪೀಪಿ ಇರುವಂಥದ್ದು. ಹಿಮ್ಮಡಿ ಊರಿದರೆ ಮಾತ್ರ ಸದ್ದು. ಸದ್ದು ಇಷ್ಟಪಡುವ ಚಿಕ್ಕ ಮಗುವಿಗೆ ಇದು ಅಗ್ಗದ, ಒಳ್ಳೆಯ ಆಟ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು ಇದನ್ನು ಹಾಕಿಕೊಂಡರೆ ಸದ್ದು ಬಾರದಿರಲಿ ಅಂತಲೇ ಇನ್ನೂ ತುದಿಗಾಲಿಗೆ ಏರುತ್ತದೆ.

ಪ್ಲೇಟು ಅಂದರೆ ಬೂಟಿನೊಳಗೆ ಇಡುವ ಬಾಗದ ತಗಡು, ಸಾಮಾನ್ಯವಾಗಿ ಕಾರ್ಬನ್ ಫೈಬರಿನದು. ಬೆರಳ ಬುಡ ಮಡಚದಂತೆ ತಡೆಯುತ್ತದೆ. ಹಾಗಾಗಿ ತುದಿಗಾಲಿಗೆ ಏರುವುದು ಕಷ್ಟ. ಹೊರಗೆ ಏನೂ ಕಾಣುವುದಿಲ್ಲ, ಮಕ್ಕಳು ಬೇಗ ಒಪ್ಪುತ್ತಾರೆ.

ಸ್ಪ್ಲಿಂಟು, ಅಂದರೆ ಎ.ಎಫ್.ಒ., ಮೊಣಕಾಲಿನ ಕೆಳಗಿನಿಂದ ಪಾದದ ತನಕ ಬರುವ ಪ್ಲಾಸ್ಟಿಕ್ಕಿನದು. ಹಗಲಿಗೆ ಕೀಲು ಇರುವುದು ಬೇಕು: ಪಾದ ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಹೋಗಲು ಬಿಡುವುದಿಲ್ಲ. ರಾತ್ರಿ ಹಾಕುವುದು ಕೀಲಿಲ್ಲದ್ದು, ಮಲಗಿದಾಗ ಸ್ಟ್ರೆಚ್ ಆಗಿಯೇ ಇರಲಿ ಅಂತ. ಪ್ಲೇಟಿಗೂ ಎ.ಎಫ್.ಒ.ಗೂ ಪಕ್ಕಪಕ್ಕ ಹೋಲಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಎ.ಎಫ್.ಒ. ಹಾಕಿದ್ದಾಗ ತುದಿಗಾಲು ಚೆನ್ನಾಗಿ ನಿಂತಿತ್ತು. ತೆಗೆದ ಮೇಲೆ ಮಾತ್ರ ಪ್ಲೇಟಿನ ಮಕ್ಕಳಿಗಿಂತ ಜಾಸ್ತಿ ಮರಳಿ ಬಂತು. ಅದು ಆಟಿಸಂ ಇಲ್ಲದ ಮಕ್ಕಳ ಅಧ್ಯಯನ, ಆದರೂ ನಾನು ಕಂಡದ್ದೂ ಹೆಚ್ಚುಕಡಿಮೆ ಹೀಗೇ. ಹೊರಗಿನಿಂದ ಪೂರ್ತಿ ಹಿಡಿದಿಟ್ಟರೆ ಕಾಲು ತಾನು ಕಲಿಯುವುದು ಕಡಿಮೆ. ಅದಕ್ಕೆ ಅಳತೆ ಸರಿ ಇದ್ದು ರೂಢಿ ಮಾತ್ರ ಉಳಿದಿದ್ದರೆ ಪ್ಲೇಟು, ಅಳತೆ ಜಾರುತ್ತಿದ್ದರೆ ಎ.ಎಫ್.ಒ. ಅನ್ನುವುದು ನನ್ನ ಲೆಕ್ಕ.

ಪಾದ ಸೊನ್ನೆ ಡಿಗ್ರಿಗೇ ಬಾರದಿದ್ದರೆ ಎ.ಎಫ್.ಒ. ಮಾಡಿಸುವುದು ದುಡ್ಡು ಹಾಳು. ಹಿಮ್ಮಡಿ ಒಳಗೆ ಕೂರುವುದೇ ಇಲ್ಲ, ಮೇಲೆ ತೇಲುತ್ತಿರುತ್ತದೆ. ಬೆಲ್ಟು ಎಷ್ಟು ಬಿಗಿದರೂ ಅಷ್ಟೇ, ಗಾಯ ಮಾತ್ರ ಆಗುತ್ತದೆ. ಹೊಸದು ತಂದಾಗ ಒಂದು ಗಂಟೆಯಿಂದ ಶುರು ಮಾಡಿ. ತೆಗೆದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ತಿದ್ದಿಸಬೇಕು. ಮಾರ್ಚಿನಿಂದ ಮೇ ತನಕ ಗದಗಿನ ಬಿಸಿಲಿಗೆ ಪ್ಲಾಸ್ಟಿಕ್ಕಿನೊಳಗೆ ಕಾಲು ಬೇಯುತ್ತದೆ, ಉದ್ದನೆಯ ಹತ್ತಿ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಇನ್ನು, ಮಕ್ಕಳು ಬೆಳೆಯುತ್ತಾರೆ. ಒಮ್ಮೆ ಮಾಡಿಸಿದ ಸ್ಪ್ಲಿಂಟು ಕೊನೆ ತನಕ ಬರುವುದಿಲ್ಲ ಅನ್ನುವುದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿ.

ಪ್ಲಾಸ್ಟರ್: ಬೇಗ ಫಲ, ಮನೆಗೆ ಕಷ್ಟ

ಬಿಗಿ ಗಟ್ಟಿಯಾಗಿದ್ದು, ಆದರೆ ಎಳೆದರೆ ಸ್ವಲ್ಪ ಬಗ್ಗುತ್ತದೆ ಅಂದರೆ ಸರಣಿ ಪ್ಲಾಸ್ಟರ್ ಒಳ್ಳೆಯ ಆಯ್ಕೆ. ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೋ ಎರಡು ವಾರಕ್ಕೋ ಬಿಚ್ಚಿ, ಪಾದ ಇನ್ನೊಂದಿಷ್ಟು ಮೇಲೆ ಬಂದ ಜಾಗದಲ್ಲಿ ಹೊಸದು ಹಾಕುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಕಿಕೊಂಡೇ ನಡೆಯಬಹುದು, ನಡೆಯಲೇಬೇಕು. ಡಿಗ್ರಿ ಲೆಕ್ಕದಲ್ಲಿ ನೋಡಿದರೆ ತಿಂಗಳುಗಟ್ಟಲೆ ವ್ಯಾಯಾಮದಲ್ಲಿ ಸಿಗದ್ದು ಇಲ್ಲಿ ವಾರಗಳಲ್ಲಿ ಸಿಗುತ್ತದೆ.

ಆದರೆ ಆಟಿಸಂ ಇರುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ತೆಗೆಯಲಾಗದ ಒಂದು ಭಾರ, ಒಳಗೆ ತುರಿಕೆ, ಸ್ನಾನದ ಪದ್ಧತಿ ಬದಲು, ಮೇಲೆ ಕತ್ತರಿಸುವ ಗರಗಸದ ಸದ್ದು. ಸರಿಯಾಗಿ ಬಳಸಿದರೆ ಆ ಗರಗಸ ಚರ್ಮ ಕುಯ್ಯುವುದಿಲ್ಲ, ಅದರುತ್ತದೆ ಅಷ್ಟೇ. ಅದನ್ನು ಮಗುವಿಗೆ ಮಾತಿನಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಅದಕ್ಕೆ ಗರಗಸ ಇಲ್ಲದೆ ಸುರುಳಿ ಬಿಚ್ಚಬಹುದಾದ ಮೆತ್ತನೆಯ ಫೈಬರ್ ಪ್ಲಾಸ್ಟರ್ ಸಿಗುತ್ತದಾ ಅಂತ ಮೊದಲೇ ಕೇಳಿ. ಸ್ವಲ್ಪ ದುಬಾರಿ, ಆದರೆ ನಮ್ಮ ಮಕ್ಕಳಿಗೆ ಆ ಖರ್ಚು ಮಾಡಲು ಯೋಗ್ಯ. ಹಾಕಿಸುವ ಹದಿನೈದು ದಿನ ಮೊದಲಿಂದ ಮನೆಯಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿ ರೂಢಿ ಮಾಡಿ. ಮೊದಲು ಗೊಂಬೆಗೆ, ಆಮೇಲೆ ನಿಮ್ಮ ಕಾಲಿಗೆ, ಆಮೇಲೆ ಅವನ ಕಾಲಿಗೆ ಒಂದೊಂದು ನಿಮಿಷ. ಹಾಕುವ ಕೋಣೆಯ, ಹಾಕುವವರ ಫೋಟೊ ತೆಗೆದು ತೋರಿಸಿಡಿ. ದವಾಖಾನೆಯಲ್ಲಿ ಮೊದಲ ಸರದಿ ಕೇಳಿ. ಗದ್ದಲದ ಓ.ಪಿ.ಡಿ.ಯಲ್ಲಿ ಎರಡು ತಾಸು ಕೂತ ಮೇಲೆ ಯಾವ ಮಗುವೂ ಕಾಲು ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಾತು ಬಾರದ ಮಗು ಒಳಗೆ ಹುಣ್ಣಾದರೆ ಹೇಳುವುದಿಲ್ಲ. ಊಟ ಬಿಡಬಹುದು, ರಾತ್ರಿ ಎಚ್ಚರ ಇರಬಹುದು, ಪ್ಲಾಸ್ಟರ್‌ ಅನ್ನು ಗೋಡೆಗೆ ಬಡಿಯಬಹುದು. ಅದನ್ನು ಹಟ ಅಂತ ಬಿಡಬೇಡಿ. ಬೆರಳು ತಣ್ಣಗಾದರೆ, ನೀಲಿ ಆದರೆ, ಬಾತರೆ, ವಾಸನೆ ಬಂದರೆ ಅದೇ ದಿನ, ರಾತ್ರಿಯಾದರೂ ಸರಿ, ಬಿಚ್ಚಿಸಿ. ಪ್ಲಾಸ್ಟರ್ ಶುರು ಮಾಡುವ ಮೊದಲೇ ರಾತ್ರಿ ಹೊತ್ತು ಬಿಚ್ಚುವವರು ಯಾರು, ಎಲ್ಲಿ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಕಾಲ ನೋಡಿಯೂ ಆರಿಸಬೇಕು. ಏಪ್ರಿಲ್‌ನಲ್ಲಿ ಬೇಡ. ಹಾನಗಲ್ ಕಡೆಯವರು ಜುಲೈ ಮಳೆಯಲ್ಲಿ ಬೇಡ, ರಸ್ತೆಯ ರಾಡಿಗೆ ಪ್ಲಾಸ್ಟರ್ ನೆನೆದುಹೋಗುತ್ತದೆ. ನವೆಂಬರ್‌ನಿಂದ ಜನವರಿ ತನಕ ಒಳ್ಳೆಯ ಸಮಯ. ಮತ್ತೆ, ಪ್ಲಾಸ್ಟರ್ ತೆಗೆದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಕಾಲು ಬಡಕಲಾಗಿರುತ್ತದೆ. ಮರುದಿನದಿಂದಲೇ ರಾತ್ರಿ ಸ್ಪ್ಲಿಂಟು, ಹಗಲು ವ್ಯಾಯಾಮ ಇಲ್ಲದಿದ್ದರೆ ಸಿಕ್ಕ ಡಿಗ್ರಿ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಮನೆಯಲ್ಲಿ ಅದಕ್ಕೆ ಜನ ಇಲ್ಲ ಅಂದರೆ ಪ್ಲಾಸ್ಟರ್ ಹಾಕಿಸುವುದನ್ನು ಸ್ವಲ್ಪ ಮುಂದೂಡಿ ಅಂತ ನಾನೇ ಹೇಳುತ್ತೇನೆ.

ಬೊಟಾಕ್ಸ್

ಇದು ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್. ಸೆರೆಬ್ರಲ್ ಪಾಲ್ಸಿಯ ಬಿಗಿಗೆ ಕೆಲಸ ಮಾಡುತ್ತದೆ, ಮೂರು ತಿಂಗಳ ಆಸುಪಾಸು. ಆಟಿಸಂನ ತುದಿಗಾಲಿಗೆ ನಾನು ಸಲಹೆ ಮಾಡುವುದಿಲ್ಲ. ನರದ ಕಾಯಿಲೆ ಇಲ್ಲದ ತುದಿಗಾಲಿನ ಮಕ್ಕಳಲ್ಲಿ ಬರೀ ಪ್ಲಾಸ್ಟರ್‌ಗೂ, ಪ್ಲಾಸ್ಟರ್ ಜೊತೆ ಬೊಟಾಕ್ಸ್‌ಗೂ ಹೋಲಿಸಿದ ಸ್ವೀಡನ್ ಅಧ್ಯಯನ 2013ರಲ್ಲಿ ಬಂತು. ಇಂಜೆಕ್ಷನ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ಕಾಲಲ್ಲಿ ಸ್ಪಾಸ್ಟಿಸಿಟಿ, ಅಂದರೆ ನರದ ತೊಂದರೆಯಿಂದ ಬಂದ ಸ್ನಾಯು ಸೆಟೆತ, ಇದೆ ಅಂದರೆ ಮಾತು ಬೇರೆ, ಆಗ ಕಾಯಿಲೆಯೇ ಬೇರೆ.

ಆಪರೇಷನ್

ಪ್ಲಾಸ್ಟರ್‌ಗೂ ಜಗ್ಗದ, ಪಾದ ಸೊನ್ನೆಗೂ ಬಾರದ, ಸ್ವಲ್ಪ ದೊಡ್ಡ ಮಕ್ಕಳಿಗೆ ಇದು. ಮೂಳೆ ತಜ್ಞರು ಮೀನಖಂಡದ ಪೊರೆಯನ್ನಷ್ಟೇ ಬಿಡಿಸಬಹುದು, ಅಥವಾ ಅಕಿಲಿಸ್ ಹುರಿಯನ್ನೇ ಉದ್ದ ಮಾಡಬಹುದು. ಯಾವುದು ಅನ್ನುವುದನ್ನು ಮೇಲೆ ಹೇಳಿದ ಎರಡು ಅಳತೆಗಳೇ ಹೇಳುತ್ತವೆ: ಮೊಣಕಾಲು ಮಡಚಿದಾಗ ಪಾದ ಸಲೀಸಾಗಿ ಬಂದರೆ ಮೊದಲನೆಯದು ಸಾಕಾಗಬಹುದು. ಹುರಿಯನ್ನು ಅಳತೆ ಮೀರಿ ಉದ್ದ ಮಾಡಿದರೆ ಮಗು ಮೊಣಕಾಲು ಬಾಗಿಸಿಕೊಂಡು ಕುಗ್ಗಿ ನಡೆಯುತ್ತದೆ. ಅದನ್ನು ತಿದ್ದುವುದು ತುದಿಗಾಲಿಗಿಂತ ಕಷ್ಟ. ಆಮೇಲೆ ಹೇಗಿದ್ದರೂ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಇದ್ದೇ ಇದೆ, ಆಮೇಲೆ ಫಿಸಿಯೋಥೆರಪಿ. "ಪ್ಲಾಸ್ಟರ್ ತಡ್ಕೊಳಂಗಿಲ್ರೀ, ಅದಕ್ಕ ಆಪರೇಷನ್ನ ಮಾಡಿಸ್ತೀವಿ" ಅಂತ ಬರುವವರಿಗೆ ಈ ಒಂದು ಮಾತು ಯಾರೂ ಹೇಳಿರುವುದಿಲ್ಲ. ಮಾಡಿಸಿದ ಮೇಲೂ ಕೆಲವು ಮಕ್ಕಳಲ್ಲಿ ತುದಿಗಾಲು ಮರಳಿ ಬರುತ್ತದೆ, ಯಾಕಂದರೆ ಕತ್ತರಿ ಹುರಿಗೆ ಮುಟ್ಟುತ್ತದೆ, ರೂಢಿಗೆ ಮುಟ್ಟುವುದಿಲ್ಲ.

ಹಾಗಂತ ಹೆದರಿ ವರ್ಷಗಟ್ಟಲೆ ಎಳೆಯಬೇಡಿ. ಹತ್ತು ವರ್ಷದ ಹುಡುಗ ಬೆರಳ ಬುಡದ ನೋವಿನಿಂದ ಶಾಲೆಯ ಮೈದಾನಕ್ಕೆ ಇಳಿಯುತ್ತಿಲ್ಲ ಅಂದರೆ ಆಪರೇಷನ್ ಅವನ ಪಾಲಿಗೆ ಒಳ್ಳೆಯದೇ.

ಎಲ್ಲಿ, ಎಷ್ಟು ದೂರ, ಯಾರ ದುಡ್ಡು

ಆಯ್ಕೆಯನ್ನು ಕಾಲು ಅರ್ಧ ತೀರ್ಮಾನಿಸಿದರೆ ಉಳಿದರ್ಧ ಬಸ್ಸು ತೀರ್ಮಾನಿಸುತ್ತದೆ. ಹುಬ್ಬಳ್ಳಿ, ಧಾರವಾಡದ ನಡುವೆ ಇರುವವರಿಗೆ ಚಿಗರಿ ಬಸ್ ಇದೆ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಲು ಹೋಗಿಬರುವುದು ಕಷ್ಟ ಅಲ್ಲ. ಹಿರೇಕೆರೂರಿನಿಂದ ವಾರವಾರ ಹುಬ್ಬಳ್ಳಿಗೆ ಮಗುವನ್ನು ಎತ್ತಿಕೊಂಡು ಬರುವುದು ಇಡೀ ದಿನದ ಕೂಲಿ ಹೋದಂತೆ. ಅಂಥವರು ಎರಡು ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್ ಕೇಳಬಹುದು, ಇಲ್ಲವೇ ಹಾವೇರಿಯಲ್ಲೇ ಆಗುತ್ತದಾ ನೋಡಬಹುದು. ಈಗ ಗದಗ, ಹಾವೇರಿ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಇನ್ನೂ ಕಿಮ್ಸ್ ಅಂತಲೇ ಕರೆಯುವ ದವಾಖಾನೆ, ಧಾರವಾಡದ ಸತ್ತೂರಿನಲ್ಲಿ ಎಸ್.ಡಿ.ಎಂ. ಆಸ್ಪತ್ರೆ ಇವೆ. ಎಸ್.ಡಿ.ಎಂ.ನಲ್ಲಿ ಫಿಸಿಯೋಥೆರಪಿ ಕಾಲೇಜೂ ಇದೆ. ಆಟಿಸಂನ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ.

ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯ ಆರ್.ಬಿ.ಎಸ್.ಕೆ. ತಂಡ ಬರುತ್ತದೆ. 2013ರಲ್ಲಿ ಶುರುವಾದ ಯೋಜನೆ ಇದು, 18 ವರ್ಷದ ತನಕ ಉಚಿತ. ಅವರು ಬಂದಾಗ ಮಗು ನಡೆಯುವುದನ್ನು ತೋರಿಸಿ, ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಅಂಗವಿಕಲತೆಯ ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು. ಆಟಿಸಂ ಅದರಲ್ಲಿ ಸೇರಿದೆ, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿಯ ಖರ್ಚೂ ಮಿತಿಯೊಳಗೆ ಬರುತ್ತದೆ. ಮೊದಲು ನಾವು ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಿ ವಾಪಸ್ ಪಡೆಯಬೇಕು. ಹಾಗಾಗಿ ಸ್ಪ್ಲಿಂಟಿನ ರಸೀದಿ, ಡಾಕ್ಟರ ಚೀಟಿ ಎರಡರಲ್ಲೂ ಮಗುವಿನ ಹೆಸರು ಒಂದೇ ರೀತಿ ಇರಲಿ.

ಯಾವುದನ್ನೇ ಆರಿಸಿದರೂ ಅಳತೆಯ ಅಂಕಿ ಬರೆದ ಒಂದು ನೋಟುಬುಕ್ ಮನೆಯಲ್ಲಿರಲಿ: ತಾರೀಖು, ಎಡ, ಬಲ, ಮೊಣಕಾಲು ನೇರ, ಮೊಣಕಾಲು ಮಡಚಿ. ಥೆರಪಿಸ್ಟ್ ಬದಲಾದಾಗ ಅದೊಂದೇ ಉಪಯೋಗಕ್ಕೆ ಬರುವುದು. ಚೆನ್ನಾಗಿ ನಡೆಯಲು ಶುರು ಮಾಡಿದ ಮೇಲೂ ಆರು ತಿಂಗಳಿಗೊಮ್ಮೆ ಅಳತೆ ನೋಡಿಸಿ. ಮಗು ಒಮ್ಮೆಲೇ ಎತ್ತರ ಬೆಳೆದ ವರ್ಷ ಮೂರು ತಿಂಗಳಿಗೇ ನೋಡಿಸಿ, ಯಾಕಂದರೆ ಮೂಳೆ ಬೆಳೆದಷ್ಟು ಬೇಗ ಮೀನಖಂಡ ಬೆಳೆಯುವುದಿಲ್ಲ.